ಎಫ್‌ಎಸ್‌ಚೆಕ್ ಬಳಸಿ ನೋಡಿದೆ: ‘ಇ’ ಹೋಗಿ ‘ಜಿ’ ಬಂದಿತ್ತು

ಮೊದಲೇ ಅಂಕ ಕೊಟ್ಟುಬಿಡುತ್ತೇನೆ. 5ಕ್ಕೆ 4. ಒಂದು ಅಂಕ ಯಾಕೆ ಕಳೆದೆ ಅನ್ನುವುದನ್ನು ಹೇಳೋಕೆ ಸ್ವಲ್ಪ ಜಾಗ ಬೇಕು.

ವಿಮರ್ಶೆ ಮಾಡುತ್ತಿರುವುದು ಇ2ಎಫ್‌ಎಸ್‌ಸಿಕೆ ಎಂಬ ಪ್ರೋಗ್ರಾಂ ಬಗ್ಗೆ. ಬರೆಯುವುದು ಹಾಗೆ, ಬಾಯಲ್ಲಿ ಹೇಳುವಾಗ ಎಲ್ಲರೂ ಎಫ್‌ಎಸ್‌ಚೆಕ್ ಅಂತಲೇ ಅನ್ನುತ್ತೇವೆ. ನಾನೂ ಹಾಗೇ ಅನ್ನುತ್ತೇನೆ. ಫೈಲ್‌ಸಿಸ್ಟಂ ಅಂದರೆ ಡಿಸ್ಕ್‌ನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ. ಲಿನಕ್ಸ್‌ನಲ್ಲಿ ಇಎಕ್ಸ್‌ಟಿ2, ಇಎಕ್ಸ್‌ಟಿ3, ಇಎಕ್ಸ್‌ಟಿ4 ಫೈಲ್‌ಸಿಸ್ಟಂ ಕೆಟ್ಟಾಗ ರಿಪೇರಿಗೆ ಬರುವುದು ಇದೇ. ಬೇರೆಯಾಗಿ ಡೌನ್‌ಲೋಡ್ ಮಾಡಬೇಕಾಗಿಲ್ಲ. ಇ2ಎಫ್‌ಎಸ್‌ಪ್ರಾಗ್ಸ್ ಅನ್ನುವ ಪ್ಯಾಕೇಜಿನ ಜೊತೆ ನಿಮ್ಮ ಯಂತ್ರದಲ್ಲಿ ಈಗಾಗಲೇ ಕೂತಿರುತ್ತದೆ. ಪ್ರತಿ ಸಲ ಬೂಟ್ ಆಗುವಾಗ ಒಂದು ಕ್ಷಣ ಇಣುಕಿ ಹೋಗುತ್ತದೆ. ನಾವು ಅದರ ಮುಖ ನೋಡುವುದು ಏನಾದರೂ ಎಡವಟ್ಟಾದಾಗ ಮಾತ್ರ.

ನನ್ನ ಎಡವಟ್ಟು ಹೀಗೆ ಶುರುವಾಯಿತು. ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಟಚ್‌ಪ್ಯಾಡ್ ಏಳುತ್ತಿರಲಿಲ್ಲ. ಹೊಸ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಂ) ಆ ಡ್ರೈವರ್‌ಗೆ ಏನೋ ತಿದ್ದುಪಡಿ ಬಂದಿದೆ ಅಂತ ತಿಳಿಯಿತು. ಸರಿ, ಒಂದು ಭಾನುವಾರ ಆರ್‌ಸಿ3 ಹಾಕಿಕೊಂಡೆ. ಆರ್‌ಸಿ ಅಂದರೆ ಪರೀಕ್ಷೆಗೆ ಬಿಟ್ಟ ಕರ್ನಲ್. ಹೊಸ ಆವೃತ್ತಿಗೆ ಎರಡು ವಾರ ಹೊಸ ಕೋಡ್ ಸೇರಿಸಿಕೊಳ್ಳುತ್ತಾರೆ. ಆ ಬಾಗಿಲು ಮುಚ್ಚಿದ ಮೇಲೆ ಆರ್‌ಸಿ1 ಬರುತ್ತದೆ. ಆಮೇಲೆ ವಾರಕ್ಕೊಂದರಂತೆ ಆರ್‌ಸಿ7 ಇಲ್ಲಾ ಆರ್‌ಸಿ8ರವರೆಗೆ ಹೋಗಿ ಕೊನೆಗೆ ಪಕ್ಕಾ ಬಿಡುಗಡೆ. ಆರ್‌ಸಿ3 ಅಂದರೆ ಇನ್ನೂ ಹಸಿ ಮಡಕೆ. ಅದು ಗೊತ್ತಿದ್ದೇ ಹಾಕಿದ್ದು.

ಮಂಗಳವಾರ ಸಂಜೆ ಮನೆ ಲೆಕ್ಕ ಬರೆದಿಡುವ ಫೋಲ್ಡರ್‌ಗೆ ಹೋಗಿ ಎಲ್‌ಎಸ್ ಕಮಾಂಡ್ ಕೊಟ್ಟೆ. ಫೈಲ್‌ಗಳ ಪಟ್ಟಿ ಬರಲಿಲ್ಲ. ಬಂದದ್ದು ಎರಡೇ ಪದ: ‘ಬ್ಯಾಡ್ ಮೆಸೇಜ್’.

ಇದೇನಿದು? ಯಾರು ಯಾರಿಗೆ ಕಳಿಸಿದ ಮೆಸೇಜು? ಮತ್ತೆ ಕೊಟ್ಟೆ, ಮತ್ತೆ ಅದೇ. ಕರ್ನಲ್‌ನ ಲಾಗ್ ತೋರಿಸುವ ಡಿಎಮೆಸ್ಜ್ ತೆರೆದು ನೋಡಿದರೆ ಕೆಂಪು ಬಣ್ಣದಲ್ಲಿ ‘ಇಎಕ್ಸ್‌ಟಿ4-ಎಫ್‌ಎಸ್ ಎರರ್’ ಅಂತ ಶುರುವಾಗುವ ಒಂದು ಸಾಲು. ಯಾವ ಪಾರ್ಟಿಷನ್, ಯಾವ ಐನೋಡ್ (ಒಂದೊಂದು ಫೈಲ್‌ನ ವಿವರ ಬರೆದಿಟ್ಟ ದಾಖಲೆ), ಯಾವ ಪ್ರೋಗ್ರಾಂ ಓದುತ್ತಿತ್ತು, ಎಲ್ಲ ಹೇಳಿ ಕೊನೆಗೆ ‘ಡೈರೆಕ್ಟರಿ ಬ್ಲಾಕ್ ಫೇಲ್ಡ್ ಚೆಕ್‌ಸಮ್’ ಅಂದಿತ್ತು. ಡೈರೆಕ್ಟರಿ ಅಂದರೆ ಫೋಲ್ಡರ್. ಚೆಕ್‌ಸಮ್ ಅಂದರೆ ಬರೆದದ್ದು ಬದಲಾಗಿದೆಯೇ ಅಂತ ನೋಡೋಕೆ ಅದರಿಂದಲೇ ಲೆಕ್ಕ ಹಾಕಿ ಜೊತೆಗಿಡುವ ಸಂಖ್ಯೆ. ಆಮೇಲೆ ಗೊತ್ತಾಯಿತು, ಚೆಕ್‌ಸಮ್ ತಾಳೆಯಾಗದಿದ್ದರೆ ಇಎಕ್ಸ್‌ಟಿ4 ಕೊಡುವ ಎರರ್ ಸಂಖ್ಯೆಗೆ ಹಿಂದಿನಿಂದ ಅಂಟಿಕೊಂಡ ಹೆಸರೇ ‘ಬ್ಯಾಡ್ ಮೆಸೇಜ್’ ಅಂತೆ. ಬೇರೆ ಕೆಲಸಕ್ಕೆ ಹುಟ್ಟಿದ ಸಂಖ್ಯೆಯನ್ನು ಇಲ್ಲಿ ಕಡ ತಂದಿದ್ದಾರೆ. ಸಂಜೆ ಹೊತ್ತಲ್ಲಿ ಅದನ್ನು ಓದುವವನಿಗೆ ಇದರಿಂದ ಏನು ಉಪಯೋಗ, ಹೇಳಿ.

ಅನುಮಾನ ನೇರವಾಗಿ ಆರ್‌ಸಿ3 ಮೇಲೆ ಹೋಯಿತು. ಹೋಗದೇ ಇರುತ್ತದೆಯೇ? 2021ರ ಮಾರ್ಚ್‌ನ ನೆನಪು ನನಗಿನ್ನೂ ಇದೆ. 5.12ರ ಆರ್‌ಸಿ1ರಲ್ಲಿ ಸ್ವಾಪ್ ಫೈಲ್ (ರ್‍ಯಾಮ್ ಸಾಲದಾದಾಗ ಬಳಸುವ ಡಿಸ್ಕ್ ಜಾಗ) ಬಳಸುವವರ ಡಿಸ್ಕ್‌ನಲ್ಲಿ ತಪ್ಪು ಜಾಗಕ್ಕೆ ಬರೆದು ಫೈಲ್‌ಸಿಸ್ಟಂ ಹಾಳು ಮಾಡುವ ಬಗ್ ಇತ್ತು. ಲಿನಕ್ಸ್ ಹುಟ್ಟಿಸಿದ ಲೈನಸ್ ಟೋರ್ವಾಲ್ಡ್ಸ್ ಆ ಆವೃತ್ತಿಯ ಹೆಸರಿಗೇ ‘ಬಳಸಬೇಡಿ’ ಅಂತ ಬಾಲ ಅಂಟಿಸಿದ್ದರು. ಅಂಥದ್ದನ್ನು ನೋಡಿದವನು ಆರ್‌ಸಿ ಹಾಕಿದ ಎರಡೇ ದಿನಕ್ಕೆ ಎರರ್ ಬಂದರೆ ಬೇರೆ ಯಾರನ್ನು ಬೈಯಬೇಕು?

ಜೊತೆಗೆ ಕೆಲಸ ಮಾಡುವ ಗೆಳೆಯನಿಗೆ ಫೋನ್ ಮಾಡಿದೆ. ‘ಹಳೇ ಕರ್ನಲ್‌ಗೆ ಹೋಗು ಗುರು, ಸರಿ ಹೋಗತ್ತೆ’ ಅಂದ. ಹೋದೆ. ಎಲ್‌ಎಸ್ ಕೊಟ್ಟೆ. ಬ್ಯಾಡ್ ಮೆಸೇಜ್.

‘ಹಾಗಾದ್ರೆ ಕರ್ನಲ್ ತಪ್ಪಲ್ಲ ಬಿಡು’ ಅಂದ. ಅಲ್ಲೇ ನಾವಿಬ್ಬರೂ ಎಡವಿದ್ದು. ಹಳೇ ಕರ್ನಲ್‌ನಲ್ಲೂ ಎರರ್ ಬಂತು ಅನ್ನುವುದರಿಂದ ಯಾರ ತಪ್ಪೂ ಗೊತ್ತಾಗುವುದಿಲ್ಲ. ಕೆಟ್ಟದ್ದು ಡಿಸ್ಕ್ ಮೇಲೆ ಬರೆದಾಗಿದೆ. ಇನ್ನು ಯಾವ ಕರ್ನಲ್ ಓದಿದರೂ ಅದೇ ಕಾಣುತ್ತದೆ. ಗೋಡೆ ಮೇಲೆ ಮಸಿ ಬಳಿದವನು ಮನೆಗೆ ಹೋದ ಮೇಲೂ ಮಸಿ ಅಲ್ಲೇ ಇರುತ್ತದಲ್ವಾ? ಅದನ್ನು ಯಾವಾಗ ಬಳಿದರು ಅನ್ನುವುದು ಗೊತ್ತಾಗಬೇಕು.

ಅದನ್ನು ಹೇಳುವ ಇನ್ನೊಂದು ಪ್ರೋಗ್ರಾಂ ಇದೇ ಪ್ಯಾಕೇಜಿನಲ್ಲಿದೆ. ಹೆಸರು ಡಂಪ್‌ಇ2ಎಫ್‌ಎಸ್. ಮೈನಸ್ ಎಚ್ ಅನ್ನುವ ಆಯ್ಕೆ ಕೊಟ್ಟು ಪಾರ್ಟಿಷನ್ ಹೆಸರು ಕೊಟ್ಟರೆ ಸೂಪರ್‌ಬ್ಲಾಕ್‌ನಲ್ಲಿ, ಅಂದರೆ ಫೈಲ್‌ಸಿಸ್ಟಂನ ಮುಖ್ಯ ವಿವರ ಬರೆದಿಟ್ಟ ಜಾಗದಲ್ಲಿ, ಇರುವುದನ್ನೆಲ್ಲ ಓದಿ ಹೇಳುತ್ತದೆ. ಏನೂ ಬರೆಯುವುದಿಲ್ಲ, ಹೆದರಬೇಕಾಗಿಲ್ಲ. ಇಎಕ್ಸ್‌ಟಿ4 ತನ್ನ ಎರರ್‌ಗಳನ್ನು ಸೂಪರ್‌ಬ್ಲಾಕ್‌ನಲ್ಲೇ ದಾಖಲು ಮಾಡಿಕೊಳ್ಳುತ್ತದೆ ಅನ್ನುವುದು ತುಂಬಾ ಜನಕ್ಕೆ ಗೊತ್ತಿಲ್ಲ. ಎಷ್ಟು ಎರರ್, ಮೊದಲನೆಯದು ಯಾವಾಗ, ಕೊನೆಯದು ಯಾವಾಗ, ಕರ್ನಲ್ ಕೋಡಿನ ಯಾವ ಫಂಕ್ಷನ್‌ನ ಎಷ್ಟನೇ ಸಾಲಿನಲ್ಲಿ, ಎಲ್ಲ. ನನ್ನದರಲ್ಲಿ ಎರರ್ ಲೆಕ್ಕ 14. ಮೊದಲ ಎರರ್ ಬಂದದ್ದು ಹಿಂದಿನ ಗುರುವಾರ ರಾತ್ರಿ ಎರಡು ಗಂಟೆ ದಾಟಿದ ಮೇಲೆ.

ಗುರುವಾರ. ಆರ್‌ಸಿ3 ಹಾಕಿದ್ದು ಭಾನುವಾರ. ಗುರುವಾರ ಓಡುತ್ತಿದ್ದದ್ದು ಡಿಸ್ಟ್ರೋ (ಸಿದ್ಧಪಡಿಸಿ ಕೊಡುವ ಲಿನಕ್ಸ್ ಕಂತೆ) ಜೊತೆ ಬಂದ ಮಾಮೂಲಿ ಕರ್ನಲ್. ಜರ್ನಲ್‌ಸಿಟಿಎಲ್‌ನಲ್ಲಿ ಬೂಟ್‌ಗಳ ಪಟ್ಟಿ ತೆಗೆದು ಎರಡೆರಡು ಸಲ ನೋಡಿದೆ. ಸುಮ್ನೆ ಬೈದಿದ್ದೆ ಪಾಪ.

ಹಾಗಾದರೆ ಐದು ದಿನ ನನಗೆ ಯಾಕೆ ಗೊತ್ತಾಗಲಿಲ್ಲ? ಇಲ್ಲಿ ಮಾನ ಬಿಟ್ಟು ಹೇಳುತ್ತೇನೆ. ತಪ್ಪು ಮೂರು, ಮೂರೂ ನನ್ನವು. ರಾತ್ರಿ ಎರಡು ಗಂಟೆಗೆ ಓಡುವ ಬ್ಯಾಕಪ್ ಸ್ಕ್ರಿಪ್ಟ್ ಆ ಫೋಲ್ಡರ್ ಓದಲಾಗದೆ ದಿನಾ ಕೂಗುತ್ತಿತ್ತು. ಅದರ ಕೂಗನ್ನು ಡೆವ್‌ನಲ್‌ಗೆ, ಅಂದರೆ ಹಾಕಿದ್ದೆಲ್ಲ ಮಾಯವಾಗುವ ಕಸದ ಬುಟ್ಟಿಗೆ, ಕಳಿಸುವ ಹಾಗೆ ಸ್ಕ್ರಿಪ್ಟ್ ಬರೆದವನು ನಾನೇ. ಇನ್ನೊಂದು, ಎರರ್ ಇರುವ ಫೈಲ್‌ಸಿಸ್ಟಂ ಮೌಂಟ್ ಆಗಿ (ಬಳಕೆಗೆ ಜೋಡಣೆಯಾಗಿ) ಐದು ನಿಮಿಷಕ್ಕೆ, ಆಮೇಲೆ ದಿನಕ್ಕೊಂದು ಸಲ, ‘ಹಿಂದಿನ ಎಫ್‌ಎಸ್‌ಚೆಕ್ ಆದ ಮೇಲೆ ಇಷ್ಟು ಎರರ್ ಆಗಿವೆ’ ಅಂತ ಕರ್ನಲ್ ತಾನಾಗೇ ಲಾಗ್‌ಗೆ ಬರೆಯುತ್ತದೆ. ಓದುವವರು ಯಾರು? ಮೂರನೆಯದು ದೊಡ್ಡದು. ಪಾರ್ಟಿಷನ್‌ಗಳ ಪಟ್ಟಿ ಇರುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ, ನನ್ನ ಫೈಲ್‌ಗಳಿರುವ ಹೋಮ್ ಪಾರ್ಟಿಷನ್‌ನ ಸಾಲಿನ ಕೊನೆಯ ಅಂಕಿ 0 ಇತ್ತು. ಅಂದರೆ ‘ಬೂಟ್ ಆಗುವಾಗ ಇದನ್ನು ಚೆಕ್ ಮಾಡಬೇಡ’ ಅಂತ. ಹೊಸ ಡಿಸ್ಕ್ ಹಾಕಿದ ದಿನ ಎಲ್ಲಿಂದಲೋ ಸಾಲು ಕಾಪಿ ಮಾಡಿ ಅಂಟಿಸಿದ್ದೆ. ರೂಟ್‌ಗೆ (ಸಿಸ್ಟಂ ಇರುವ ಪಾರ್ಟಿಷನ್) 1, ಉಳಿದವಕ್ಕೆ 2 ಇರಬೇಕು. 2 ಇದ್ದಿದ್ದರೆ ಭಾನುವಾರ ಬೂಟ್ ಆಗುವಾಗಲೇ ಎಫ್‌ಎಸ್‌ಚೆಕ್ ಇದನ್ನು ಹಿಡಿಯುತ್ತಿತ್ತು. ಈ ವಿಮರ್ಶೆಯಲ್ಲಿ ಅದಕ್ಕೆ ಸಿಗಬೇಕಾದ ಮೊದಲ ಮೆಚ್ಚುಗೆಯನ್ನು ನಾನೇ ತಪ್ಪಿಸಿದ ಹಾಗಾಯಿತು.

ಇನ್ನು ನೇರವಾಗಿ ಎಫ್‌ಎಸ್‌ಚೆಕ್ ಹತ್ತಿರ ಬರೋಣ.

ಮೌಂಟ್ ಆಗಿರುವ ಪಾರ್ಟಿಷನ್ ಮೇಲೆ ಇದನ್ನು ಓಡಿಸಬಾರದು. ಓಡಿಸಿದರೆ ಅದೇ ಎಚ್ಚರಿಕೆ ಕೊಡುತ್ತದೆ, ಒಳ್ಳೆಯದು. ಗ್ರಾಫಿಕ್ಸ್ ಎಲ್ಲ ನಿಲ್ಲಿಸಿ, ಕನ್ಸೋಲ್‌ನಲ್ಲಿ ರೂಟ್ ಬಳಕೆದಾರನಾಗಿ (ಎಲ್ಲ ಅಧಿಕಾರ ಇರುವ ಖಾತೆ) ಲಾಗಿನ್ ಆಗಿ, ಹೋಮ್ ಅನ್‌ಮೌಂಟ್ ಮಾಡಿದೆ. ‘ಟಾರ್ಗೆಟ್ ಬ್ಯುಸಿ’ ಅಂತು. ಯಾರು ಹಿಡಿದುಕೊಂಡಿದ್ದಾರೆ ಅಂತ ಫ್ಯೂಸರ್‌ನಿಂದ ಹುಡುಕಿ ಬಿಡಿಸಿದೆ. ರೂಟ್ ಪಾರ್ಟಿಷನ್ನೇ ಕೆಟ್ಟಿದ್ದರೆ ಲೈವ್ ಯುಎಸ್‌ಬಿ ಬೇಕಾಗುತ್ತಿತ್ತು.

ಮೊದಲ ಓಟ ಮೈನಸ್ ಎನ್ ಹಾಕಿ. ಇದನ್ನು ಯಾರೂ ಮರೆಯಬಾರದು. ಮೈನಸ್ ಎನ್ ಅಂದರೆ ನೋಡು, ಮುಟ್ಟಬೇಡ. ಡಿಸ್ಕ್ ಅನ್ನು ಓದುವುದಕ್ಕೆ ಮಾತ್ರ ತೆರೆದು, ತಾನು ಕೇಳುವ ಎಲ್ಲ ಪ್ರಶ್ನೆಗೂ ತಾನೇ ‘ನೋ’ ಅಂತ ಉತ್ತರ ಕೊಟ್ಟುಕೊಂಡು ಹೋಗುತ್ತದೆ. ಪರದೆ ಮೇಲೆ ‘ಫಿಕ್ಸ್? ನೋ’ ಅಂತ ಕಾಣುತ್ತದೆ. ಮೊದಲ ಸಲ ನೋಡುವವರು ‘ಅಯ್ಯೋ, ಸರಿ ಮಾಡೋಕೆ ಆಗಲ್ವಂತೆ’ ಅಂತ ಗಾಬರಿ ಬೀಳುತ್ತಾರೆ. ನನ್ನ ಗೆಳೆಯ ಬಿದ್ದಿದ್ದ. ಹಾಗಲ್ಲ, ನೀವು ಮುಟ್ಟಬೇಡ ಅಂದಿದ್ದಕ್ಕೆ ಅದು ಮುಟ್ಟಿಲ್ಲ, ಅಷ್ಟೇ.

ಐದು ಹಂತಗಳಲ್ಲಿ ಕೆಲಸ ಮಾಡುತ್ತದೆ. ಮೊದಲು ಎಲ್ಲ ಐನೋಡ್‌ಗಳನ್ನು ಓದುತ್ತದೆ, ಜಾಸ್ತಿ ಹೊತ್ತು ಹಿಡಿಯುವುದು ಇದೇ. ಆಮೇಲೆ ಡೈರೆಕ್ಟರಿಗಳು, ಅವುಗಳ ಕೊಂಡಿ, ಒಂದೊಂದು ಫೈಲ್‌ಗೆ ಎಷ್ಟು ಹೆಸರು ಇವೆ ಅನ್ನುವ ಲೆಕ್ಕ, ಕೊನೆಗೆ ಖಾಲಿ ಜಾಗದ ಲೆಕ್ಕ. ಮೈನಸ್ ಸಿ ಸೊನ್ನೆ ಅಂತ ಕೊಟ್ಟರೆ ಎಷ್ಟು ಮುಗಿದಿದೆ ಅನ್ನುವ ಪಟ್ಟಿ ಓಡುತ್ತದೆ. ಇದು ಕೇಳದೆಯೇ ಬರಬೇಕಿತ್ತು. ಪರದೆ ಅಲ್ಲಾಡದೆ ನಿಂತರೆ ಕಾಯುವವನ ಜೀವ ಬಾಯಿಗೆ ಬರುತ್ತದೆ.

ನನಗೆ ಎರಡು ದೂರು ಸಿಕ್ಕವು. ಒಂದು ಐನೋಡ್ ‘ಪರೀಕ್ಷೆಯಲ್ಲಿ ಪಾಸು, ಚೆಕ್‌ಸಮ್ ಮಾತ್ರ ಹೊಂದುತ್ತಿಲ್ಲ’. ಒಂದು ಡೈರೆಕ್ಟರಿ ‘ಪರೀಕ್ಷೆಯಲ್ಲಿ ಪಾಸು, ಚೆಕ್‌ಸಮ್‌ನಲ್ಲಿ ಫೇಲು’. ಆ ವಾಕ್ಯವನ್ನು ಸ್ವಲ್ಪ ಹೊತ್ತು ನೋಡುತ್ತಾ ಕೂತೆ. ಎಲ್ಲ ಸರಿ ಇದೆ, ಆದರೆ ಸರಿ ಇಲ್ಲ. ಇದರ ಅರ್ಥ ಏನಂದರೆ, ಡೈರೆಕ್ಟರಿಯ ಆಕಾರ ಚೆನ್ನಾಗಿದೆ, ಉದ್ದಗಳು ಸರಿ ಇವೆ, ಐನೋಡ್ ಸಂಖ್ಯೆಗಳು ಸರಿ ಇವೆ. ಆದರೂ ಯಾವುದೋ ಒಂದು ಅಕ್ಷರ ಮೊದಲಿನ ಹಾಗಿಲ್ಲ. ಇಂಥ ಚೆಕ್‌ಸಮ್ ಇಎಕ್ಸ್‌ಟಿ4ಗೆ ಬಂದದ್ದು 2012ರಲ್ಲಿ, 3.5 ಕರ್ನಲ್ ಜೊತೆ. ಅದಕ್ಕೂ ಮುಂಚೆ ಆಗಿದ್ದರೆ ಇದು ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ.

ಇಷ್ಟಕ್ಕೆ ನಿಲ್ಲಿಸಿ ವೈ ಒತ್ತಿಬಿಡೋಣ ಅನ್ನಿಸಿತ್ತು. ಒತ್ತಲಿಲ್ಲ. ಕಾರಣ ಬುದ್ಧಿವಂತಿಕೆ ಏನಲ್ಲ. ಮೊದಲ ಓಟದ ಔಟ್‌ಪುಟ್ ಫೈಲ್‌ಗೆ ಉಳಿಸಿಕೊಳ್ಳೋದು ಮರೆತಿದ್ದೆ. ಹಾಗಾಗಿ ಇನ್ನೊಂದು ಸಲ ಮೈನಸ್ ಎನ್ ಓಡಿಸಿದೆ, ಈ ಸಲ ಔಟ್‌ಪುಟ್ಟನ್ನು ಫೈಲ್‌ಗೂ ಬರೆಯುವ ಟೀ ಕಮಾಂಡ್ ಹಾಕಿ.

ಈಗ ಮೂರು ದೂರು. ಹಳೇ ಎರಡು, ಜೊತೆಗೆ ಹೊಸ ಐನೋಡ್ ಒಂದು.

ಪಾರ್ಟಿಷನ್ ಅನ್‌ಮೌಂಟ್ ಆಗಿದೆ. ಯಾರೂ ಒಂದು ಬೈಟ್ ಬರೆದಿಲ್ಲ. ಅದೇ ಡಿಸ್ಕ್, ಅದೇ ಪ್ರೋಗ್ರಾಂ, ಹತ್ತು ನಿಮಿಷದ ಅಂತರ, ಎರಡು ಉತ್ತರ. ಮೂರನೇ ಸಲ ಓಡಿಸಿದೆ. ಮತ್ತೆ ಎರಡೇ ದೂರು, ಹೊಸದು ಮಾಯ.

ಅವಾಗ ಬೆನ್ನು ತಣ್ಣಗಾಯಿತು. ಬರೆದದ್ದು ಬದಲಾಗಿಲ್ಲ ಅಂದಮೇಲೆ ಓದುವ ದಾರಿಯಲ್ಲೇ ಏನೋ ಬದಲಾಗುತ್ತಿದೆ. ಸ್ಮಾರ್ಟ್‌ಸಿಟಿಎಲ್‌ನಲ್ಲಿ ನೋಡಿದರೆ ಡಿಸ್ಕ್ ಆರೋಗ್ಯವಾಗಿದೆ, ಒಂದೂ ಮೀಡಿಯಾ ಎರರ್ ಇಲ್ಲ. ಉಳಿದದ್ದು ರ್‍ಯಾಮ್.

ಈ ವಿಮರ್ಶೆಯಲ್ಲಿ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್‌ಗೂ ನಾಲ್ಕು ಸಾಲು ಸಲ್ಲಬೇಕು. ಹಳೇ 5ನೇ ಆವೃತ್ತಿ ಯುಇಎಫ್‌ಐ (ಹಳೇ ಬಯೋಸ್ ಬದಲಿಗೆ ಬಂದ ಬೂಟ್ ವ್ಯವಸ್ಥೆ) ಯಂತ್ರದಲ್ಲಿ ಓಡುತ್ತಿರಲಿಲ್ಲ. 2022ರಲ್ಲಿ ಬಂದ 6ನೇ ಆವೃತ್ತಿಯಿಂದ ಓಡುತ್ತದೆ. ನನ್ನ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಯಿತು. ಯುಎಸ್‌ಬಿಯಿಂದ ಬೂಟ್ ಮಾಡಿ, ಮಲಗೋಕೆ ಹೋದೆ. ಒಂದು ಸುತ್ತಿಗೇ ನಿಲ್ಲಿಸಬೇಡಿ, ರಾತ್ರಿಯಿಡೀ ಬಿಡಿ. ನನ್ನದರಲ್ಲಿ ಮೊದಲ ಸುತ್ತು ಪೂರ್ತಿ ಹಸಿರು. ಬೆಳಿಗ್ಗೆ ಎದ್ದು ನೋಡಿದರೆ ಕೆಂಪು ಸಾಲುಗಳು. ಒಂದೇ ವಿಳಾಸದ ಆಸುಪಾಸು. ಒಂದು ಸಾಲಿನಲ್ಲಿ ಇರಬೇಕಾದದ್ದು ಎಂಟು ಸೊನ್ನೆ. ಸಿಕ್ಕಿದ್ದು ಏಳು ಸೊನ್ನೆ, ಕೊನೆಯಲ್ಲಿ ಒಂದು 2. ಅಂದರೆ ಬಲಗಡೆಯಿಂದ ಎರಡನೇ ಬಿಟ್ 0 ಇರಬೇಕಾದ ಕಡೆ 1 ಆಗಿ ಕೂತಿದೆ. ಬೇರೆ ಸಾಲುಗಳಲ್ಲೂ ಅದೇ ಬಿಟ್.

ರ್‍ಯಾಮ್ ಎರಡು ಕಡ್ಡಿ ಇತ್ತು. ಒಂದೊಂದೇ ಹಾಕಿ ಪರೀಕ್ಷಿಸಿ, ಕೆಟ್ಟದ್ದು ಯಾವುದು ಅಂತ ಹಿಡಿದು ಹೊರಗಿಟ್ಟೆ. ಯಾವ ಕಂಪನಿಯದು ಅಂತ ಕೇಳಬೇಡಿ. ವರ್ಷಗಟ್ಟಲೆ ದುಡಿದ ಕಡ್ಡಿ ಅದು, ಯಾರದಾದರೂ ಕೆಡುತ್ತದೆ. ಕಡ್ಡಿ ತೆಗೆಯೋಕೆ ಆಗದ, ಬೋರ್ಡಿಗೆ ಬೆಸುಗೆ ಹಾಕಿದ ರ್‍ಯಾಮ್ ಇರುವವರು ಬೂಟ್ ಸಾಲಿನಲ್ಲಿ ಮೆಮ್‌ಮ್ಯಾಪ್ ಕೊಟ್ಟು ಆ ವಿಳಾಸದ ಸುತ್ತಲಿನ ಜಾಗವನ್ನು ಕರ್ನಲ್ ಮುಟ್ಟದ ಹಾಗೆ ಮಾಡಬಹುದು.

ಒಂದು ವೇಳೆ ಮಂಗಳವಾರ ರಾತ್ರಿಯೇ ವೈ ಒತ್ತಿದ್ದರೆ? ಅದೇ ಕೆಟ್ಟ ರ್‍ಯಾಮ್‌ನಲ್ಲಿ ಕೂತು ಎಫ್‌ಎಸ್‌ಚೆಕ್ ನನ್ನ ಡಿಸ್ಕ್‌ಗೆ ಬರೆಯುತ್ತಿತ್ತು. ಚೆನ್ನಾಗಿದ್ದ ಐನೋಡ್ ಒಂದನ್ನು ಕೆಟ್ಟದ್ದು ಅಂದುಕೊಂಡು ‘ಸರಿ’ ಮಾಡುತ್ತಿತ್ತು. ಅದು ಪ್ರೋಗ್ರಾಂ ತಪ್ಪಲ್ಲ. ಆದರೆ ಮ್ಯಾನ್ ಪುಟದಲ್ಲಿ (ಬಳಕೆಯ ಕೈಪಿಡಿ) ‘ರಿಪೇರಿಗೆ ಮುಂಚೆ ರ್‍ಯಾಮ್ ನೋಡಿಕೊಳ್ಳಿ’ ಅಂತ ಕಣ್ಣಿಗೆ ಹೊಡೆಯುವ ಹಾಗೆ ಒಂದು ಸಾಲು ಇರಬಾರದೇ ಅನ್ನಿಸಿತು.

ಒಳ್ಳೇ ಕಡ್ಡಿ ಒಂದನ್ನೇ ಇಟ್ಟುಕೊಂಡು ಮತ್ತೆ ಕೂತೆ. ಮೈನಸ್ ಎನ್ ಮೂರು ಸಲ. ಮೂರು ಸಲವೂ ಅವೇ ಎರಡು ದೂರು. ಪೂರ್ತಿ ಪಾರ್ಟಿಷನ್ನನ್ನು ಡಿಡಿ ಕಮಾಂಡ್‌ನಿಂದ ಹೊರಗಿನ ಡಿಸ್ಕ್‌ಗೆ ನಕಲು ತೆಗೆದೆ. ಹೊತ್ತಾಗುತ್ತದೆ, ಬೇಜಾರಾಗುತ್ತದೆ, ಆದರೂ ತೆಗೆಯಿರಿ.

ಆಮೇಲೆ ರಿಪೇರಿಗೆ ಮುಂಚೆ ಡಿಬಗ್‌ಎಫ್‌ಎಸ್ ತೆರೆದೆ. ಇದೂ ಅದೇ ಪ್ಯಾಕೇಜಿನ ಮನೆಮಗ. ನೀವಾಗಿ ಮೈನಸ್ ಡಬ್ಲ್ಯೂ ಕೊಡದಿದ್ದರೆ ಏನೂ ಬರೆಯುವುದಿಲ್ಲ. ಮೈನಸ್ ಎನ್ ಕೊಟ್ಟರೆ ಚೆಕ್‌ಸಮ್ ನೋಡದೆ ಒಳಗೆ ಬಿಡುತ್ತದೆ. ಗಮನಿಸಿ, ಎಫ್‌ಎಸ್‌ಚೆಕ್‌ನಲ್ಲಿ ಮೈನಸ್ ಎನ್‌ಗೆ ಒಂದು ಅರ್ಥ, ಇಲ್ಲಿ ಇನ್ನೊಂದು. ಒಂದೇ ಮನೆಯ ಅಣ್ಣತಮ್ಮಂದಿರು ಹೀಗೆ ಬೇರೆ ಬೇರೆ ಮಾತಾಡಿದರೆ ನಾವೇನು ಮಾಡೋಣ. ಕರ್ನಲ್ ತೋರಿಸಲು ಒಪ್ಪದಿದ್ದ ಆ ಫೋಲ್ಡರ್‌ನ ಪಟ್ಟಿ ಇಲ್ಲಿ ಬಂತು. ನಲವತ್ತೊಂದು ಹೆಸರು. ಮೇಲಿಂದ ಕೆಳಗೆ ಬೆರಳಿಟ್ಟು ಓದಿದೆ. ಎಲ್ಲ ಗುರುತಿನವೇ. ಇಪ್ಪತ್ತೇಳೋ ಇಪ್ಪತ್ತೆಂಟೋ ಸಾಲಿನಲ್ಲಿ ಬೆರಳು ನಿಂತಿತು.

ನೋಟ್ಸ್ ಅಂತ ಒಂದು ಟೆಕ್ಸ್ಟ್ ಫೈಲ್ ಇರಬೇಕಿತ್ತು. ಇಂಗ್ಲಿಷ್ ಅಕ್ಷರದಲ್ಲಿ ಎನ್, ಓ, ಟಿ, ಇ, ಎಸ್. ಅಲ್ಲಿ ಇದ್ದದ್ದು ಎನ್, ಓ, ಟಿ, ಜಿ, ಎಸ್. ‘ಇ’ ಇದ್ದ ಕಡೆ ‘ಜಿ’. ನಾನು ಯಾವತ್ತೂ ಹಾಗೆ ಟೈಪ್ ಮಾಡಿಲ್ಲ, ಕೀಬೋರ್ಡ್‌ನಲ್ಲಿ ಅವೆರಡೂ ಪಕ್ಕಪಕ್ಕದಲ್ಲೂ ಇಲ್ಲ.

ಕಾಗದ ತೆಗೆದುಕೊಂಡು ಬರೆದೆ. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿಯಲ್ಲಿ ಸಣ್ಣ ‘ಇ’ ಅಂದರೆ 01100101. ಸಣ್ಣ ‘ಜಿ’ ಅಂದರೆ 01100111. ಬಲಗಡೆಯಿಂದ ಎರಡನೇ ಬಿಟ್. 0 ಇದ್ದ ಕಡೆ 1. ಮೆಮ್‌ಟೆಸ್ಟ್‌ನ ಕೆಂಪು ಸಾಲಿನಲ್ಲಿ ಕೂತಿದ್ದ ಅದೇ 2.

ಆ ಕಾಗದ ಇನ್ನೂ ಮೇಜಿನ ಖಾನೆಯಲ್ಲಿದೆ. ಎಸೆಯೋಕೆ ಮನಸ್ಸಾಗಿಲ್ಲ.

ಆಗಿದ್ದು ಇಷ್ಟು. ಆ ಡೈರೆಕ್ಟರಿ ಬ್ಲಾಕ್ ರ್‍ಯಾಮ್‌ನಲ್ಲಿ ಕೂತಿತ್ತು. ಕರ್ನಲ್ ಅದರ ಚೆಕ್‌ಸಮ್ ಲೆಕ್ಕ ಹಾಕಿತು. ಲೆಕ್ಕ ಹಾಕಿದ ಮೇಲೆ, ಡಿಸ್ಕ್‌ಗೆ ಬರೆಯುವ ಮುಂಚೆ, ಒಂದು ಬಿಟ್ ಮಗುಚಿತು. ಲೆಕ್ಕಕ್ಕೆ ಮುಂಚೆಯೇ ಮಗುಚಿದ್ದರೆ ತಪ್ಪು ಹೆಸರಿಗೇ ಸರಿಯಾದ ಚೆಕ್‌ಸಮ್ ಬಿದ್ದು, ಯಾವ ಎರರೂ ಬರದೆ, ಫೈಲ್ ಹೆಸರು ಮಾತ್ರ ಬದಲಾಗಿರುತ್ತಿತ್ತು. ನಾನು ನನ್ನ ಬೆರಳನ್ನೇ ಬೈದುಕೊಂಡು ಮುಂದೆ ಹೋಗುತ್ತಿದ್ದೆ.

ಈಗ ರಿಪೇರಿ. ಮೈನಸ್ ಎಫ್ (ಸರಿ ಇದ್ದ ಹಾಗೆ ಕಂಡರೂ ಚೆಕ್ ಮಾಡು ಅಂತ), ಜೊತೆಗೆ ಮೈನಸ್ ಝಡ್. ಈ ಮೈನಸ್ ಝಡ್‌ಗೇ ಬೇಕಾದರೆ ಒಂದು ಪೂರ್ತಿ ಅಂಕ ಕೊಡಬಹುದು. ತಾನು ಬದಲಾಯಿಸುವ ಪ್ರತಿ ಬ್ಲಾಕ್‌ನ ಹಳೇ ರೂಪವನ್ನು ನೀವು ಹೇಳಿದ ಫೈಲ್‌ಗೆ ಮೊದಲು ಬರೆದಿಡುತ್ತದೆ. ರಿಪೇರಿ ಕೈಕೊಟ್ಟರೆ ಇ2ಅನ್‌ಡೂ ಅನ್ನುವ ಕಮಾಂಡ್‌ನಿಂದ ಹಿಂದಕ್ಕೆ ಹೋಗಬಹುದು. ಆ ಫೈಲನ್ನು ರಿಪೇರಿ ಆಗುತ್ತಿರುವ ಪಾರ್ಟಿಷನ್ ಬಿಟ್ಟು ಬೇರೆ ಕಡೆ ಇಡಬೇಕು, ಅದು ಗೊತ್ತಿರಲಿ. ಇಷ್ಟು ಒಳ್ಳೆಯ ಸೌಲಭ್ಯವನ್ನು ಬಳಸಿದ ಒಬ್ಬರನ್ನೂ ನಾನು ನೋಡಿಲ್ಲ. ಎಲ್ಲರೂ ಹೇಳುವುದು ‘ಮೈನಸ್ ವೈ ಕೊಡು, ಮುಗೀತು’.

ಓಡಿಸಿದೆ. ಎರಡು ಪ್ರಶ್ನೆ ಕೇಳಿತು. ಪ್ರಶ್ನೆಯ ಜೊತೆ ‘ಎ ಒತ್ತಿದರೆ ಎಲ್ಲಕ್ಕೂ ಯೆಸ್’ ಅನ್ನುವ ಸೂಚನೆಯೂ ಇತ್ತು. ನಾನು ಒಂದೊಂದಕ್ಕೇ ವೈ ಒತ್ತಿದೆ. ಐದು ಹಂತ ಮುಗಿಯಿತು. ಹೊರಬರುವಾಗ ಕೊಡುವ ಸಂಖ್ಯೆ 1, ಅಂದರೆ ತಪ್ಪುಗಳಿದ್ದವು, ಸರಿ ಮಾಡಿದ್ದೇನೆ ಅಂತ. 0 ಇದ್ದರೆ ತಪ್ಪೇ ಇರಲಿಲ್ಲ. 4 ಇದ್ದರೆ ತಪ್ಪು ಹಾಗೇ ಉಳಿದಿದೆ. ಇನ್ನೊಮ್ಮೆ ಓಡಿಸಿದಾಗ 0 ಬಂತು. ಸೂಪರ್‌ಬ್ಲಾಕ್‌ನಲ್ಲಿದ್ದ ಎರರ್ ಲೆಕ್ಕವೂ ಒರೆಸಿ ಹೋಯಿತು. ಅದಕ್ಕೇ ಹೇಳುತ್ತಿದ್ದೇನೆ, ರಿಪೇರಿಗೆ ಮುಂಚೆಯೇ ಡಂಪ್‌ಇ2ಎಫ್‌ಎಸ್ ಔಟ್‌ಪುಟ್ ಉಳಿಸಿಕೊಳ್ಳಿ ಅಂತ. ಆಮೇಲೆ ಸಾಕ್ಷಿ ಸಿಗುವುದಿಲ್ಲ.

ಮೌಂಟ್ ಮಾಡಿದೆ. ಎಲ್‌ಎಸ್ ಕೊಟ್ಟೆ. ನಲವತ್ತೊಂದು ಹೆಸರು ಟಪಟಪ ಬಂದವು.

‘ಜಿ’ ಅಲ್ಲೇ ಇತ್ತು.

ಒಂದು ಅಂಕ ಕಳೆದದ್ದು ಇಲ್ಲಿ. ಎಫ್‌ಎಸ್‌ಚೆಕ್ ಮಾಡಿದ ‘ರಿಪೇರಿ’ ಏನು? ತಪ್ಪು ಹೆಸರನ್ನೇ ಸರಿ ಅಂತ ಒಪ್ಪಿಕೊಂಡು, ಅದಕ್ಕೆ ಹೊಸ ಚೆಕ್‌ಸಮ್ ಬರೆದದ್ದು. ಕಳ್ಳ ನೋಟಿಗೆ ಬ್ಯಾಂಕ್ ಮುದ್ರೆ ಒತ್ತಿಕೊಟ್ಟ ಹಾಗೆ. ಅದಕ್ಕೆ ಬೇರೆ ದಾರಿ ಇರಲಿಲ್ಲ, ಒಪ್ಪುತ್ತೇನೆ. ಮೊದಲು ಏನಿತ್ತು ಅನ್ನುವುದು ಅದಕ್ಕೆ ಹೇಗೆ ಗೊತ್ತಾಗಬೇಕು? ಚೆಕ್‌ಸಮ್‌ನಿಂದ ತಪ್ಪಿದೆ ಅಂತ ತಿಳಿಯುತ್ತದೆ, ಏನು ತಪ್ಪಿದೆ ಅಂತ ತಿಳಿಯುವುದಿಲ್ಲ. ನನ್ನ ದೂರು ಅದಲ್ಲ. ‘ಫಿಕ್ಸ್?’ ಅಂತ ಕೇಳುವಾಗ ತಾನು ಏನು ಮಾಡಲಿದ್ದೇನೆ ಅಂತ ಹೇಳಬೇಕಲ್ವಾ? ‘ಈ ಡೈರೆಕ್ಟರಿಯಲ್ಲಿ ಈಗ ಈ ಹೆಸರುಗಳಿವೆ, ಇವನ್ನೇ ಸರಿ ಅಂತ ಉಳಿಸಿಕೊಳ್ಳಲೇ?’ ಅಂತ ಕೇಳಿದ್ದರೆ ಯಾರಾದರೂ ಒಮ್ಮೆ ಕಣ್ಣು ಹಾಯಿಸುತ್ತಿದ್ದರು. ‘ಫಿಕ್ಸ್’ ಅನ್ನುವ ಪದ ಓದಿದವನು ಹಳೆಯದು ವಾಪಸ್ ಬರುತ್ತದೆ ಅಂತಲೇ ತಿಳಿಯುತ್ತಾನೆ. ಡಿಬಗ್‌ಎಫ್‌ಎಸ್ ತೆರೆಯದೆ ಹೋಗಿದ್ದರೆ ನಾನೂ ಹಾಗೇ ತಿಳಿಯುತ್ತಿದ್ದೆ. ಇನ್ನೊಂದು ಐನೋಡ್‌ನಲ್ಲಿ ಏನು ಬದಲಾಗಿತ್ತೋ ಕೊನೆಗೂ ಕಣ್ಣಿಗೆ ಬೀಳಲಿಲ್ಲ. ಆ ಫೈಲ್ ತೆರೆಯುತ್ತದೆ, ಉದ್ದ ಸರಿ ಇದೆ. ಯಾವುದೋ ಸಮಯದ ಅಂಕಿ ಎರಡು ಸೆಕೆಂಡ್ ಆಚೀಚೆ ಆಗಿರಬಹುದು.

ಇನ್ನೂ ಒಂದು ವಿಷಯ. ಇಎಕ್ಸ್‌ಟಿ4ರ ಚೆಕ್‌ಸಮ್ ಇರುವುದು ಹೆಸರು, ಐನೋಡ್, ಬಿಟ್‌ಮ್ಯಾಪ್ ಇಂಥ ಲೆಕ್ಕಪತ್ರಕ್ಕೆ ಮಾತ್ರ. ಫೈಲ್‌ನ ಒಳಗಿನ ಮಾಹಿತಿಗೆ ಇಲ್ಲ. ಬಿಟಿಆರ್‌ಎಫ್‌ಎಸ್, ಝಡ್‌ಎಫ್‌ಎಸ್ ಅನ್ನುವ ಬೇರೆ ಫೈಲ್‌ಸಿಸ್ಟಂಗಳಲ್ಲಿ ಅದಕ್ಕೂ ಇದೆ. ಹಾಗಾಗಿ ಎಫ್‌ಎಸ್‌ಚೆಕ್ ‘ಎಲ್ಲ ಸರಿ’ ಅಂದರೂ ನನ್ನ ಫೋಟೋಗಳು ಸರಿ ಇವೆ ಅಂತ ಅರ್ಥವಲ್ಲ. ಬ್ಯಾಕಪ್ ಜೊತೆ ಹೋಲಿಸಲೇಬೇಕಿತ್ತು. ನಾನು ಬ್ಯಾಕಪ್‌ಗೆ ಬಳಸುವ ಆರ್‌ಸಿಂಕ್‌ಗೆ ಮೈನಸ್ ಎನ್, ಮೈನಸ್ ಸಿ ಕೊಟ್ಟು, ಅಂದರೆ ಏನೂ ಬರೆಯದೆ ಪ್ರತಿ ಫೈಲ್‌ನ ಒಳಗನ್ನೂ ಓದಿ ಹೋಲಿಸು ಅಂತ ಹೇಳಿ, ಒಂದು ಇಡೀ ಮಧ್ಯಾಹ್ನ ಬಿಟ್ಟೆ. ಉದ್ದ, ತಾರೀಖು ಎರಡೂ ಒಂದೇ ಇದ್ದು ಒಳಗೆ ಮಾತ್ರ ಬೇರೆಯಾಗಿದ್ದ ಫೈಲ್ ಒಂದು ಸಿಕ್ಕಿತು. ಒಂದು ವಿಡಿಯೋ. ಎರಡು ಫೈಲ್ ಹೋಲಿಸುವ ಸಿಎಂಪಿ ಹೇಳಿತು, ವ್ಯತ್ಯಾಸ ಒಂದೇ ಬೈಟ್. ಹಳೆಯದನ್ನು ಬ್ಯಾಕಪ್‌ನಿಂದ ತಂದು ಹಾಕಿದೆ.

ಬ್ಯಾಕಪ್ ಉಳಿದದ್ದೂ ಒಂದು ಅದೃಷ್ಟ. ನನ್ನ ಸ್ಕ್ರಿಪ್ಟ್‌ನಲ್ಲಿ ‘ಇಲ್ಲಿ ಇಲ್ಲದ್ದನ್ನು ಅಲ್ಲೂ ಅಳಿಸು’ ಅನ್ನುವ ಡಿಲೀಟ್ ಆಯ್ಕೆ ಇದೆ. ಕರ್ನಲ್ ಆ ಫೋಲ್ಡರನ್ನು ಓದಲು ಬಿಡುತ್ತಿರಲಿಲ್ಲ, ಅಂದರೆ ಆರ್‌ಸಿಂಕ್ ಕಣ್ಣಿಗೆ ಅದು ಖಾಲಿ. ಐದು ರಾತ್ರಿಯಲ್ಲಿ ಬ್ಯಾಕಪ್‌ನಲ್ಲಿದ್ದದ್ದೂ ಗುಡಿಸಿ ಹೋಗಬೇಕಿತ್ತು. ಆದರೆ ಓದುವಾಗ ಐಓ ಎರರ್ ಬಂದರೆ ಆರ್‌ಸಿಂಕ್ ಅಳಿಸುವ ಕೆಲಸವನ್ನೇ ಕೈಬಿಡುತ್ತದೆ. ಹಾಗಂತ ಒಂದು ಸಾಲು ಹೇಳುತ್ತದೆ ಕೂಡ. ಅದೇ, ನಾನು ಡೆವ್‌ನಲ್‌ಗೆ ಕಳಿಸುತ್ತಿದ್ದ ಸಾಲು. ಇದನ್ನು ಬರೆದ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ.

ಗೆಳೆಯನಿಗೆ ಎಲ್ಲ ಹೇಳಿದೆ. ‘ಆದ್ರೂ ಆರ್‌ಸಿ ಹಾಕೋದು ರಿಸ್ಕ್ ಅಲ್ವಾ, ಸ್ಟೇಬಲ್ ಇದ್ರೆ ತಲೆನೋವೇ ಇರಲ್ಲ’ ಅಂದ. ಅವನಿಗೆ ಎರಡು ಕಥೆ ಹೇಳಿದೆ. 2018ರ ಕೊನೆಯಲ್ಲಿ 4.19 ಕರ್ನಲ್‌ನಲ್ಲಿ ಜನರ ಫೈಲ್‌ಸಿಸ್ಟಂಗಳು ಕೆಡುತ್ತಿದ್ದವು. ಅದು ಆರ್‌ಸಿ ಅಲ್ಲ, ಬಿಡುಗಡೆಯಾದ ಕರ್ನಲ್. ಎರರ್ ಸಾಲಿನಲ್ಲಿ ಇಎಕ್ಸ್‌ಟಿ4 ಹೆಸರಿತ್ತು ಅಂತ ಎಲ್ಲರೂ ಅದನ್ನೇ ಹಿಡಿದು ಜಗ್ಗಿದರು. ಕೊನೆಗೆ ತಪ್ಪು ಸಿಕ್ಕಿದ್ದು ಕೆಳಗಿನ ಬ್ಲಾಕ್ ಪದರದಲ್ಲಿ. 4.19.8ರಲ್ಲಿ ಸರಿ ಮಾಡಿದರು. 2023ರ ಡಿಸೆಂಬರ್‌ನಲ್ಲಿ 6.1.64ರಲ್ಲಿ ಇಎಕ್ಸ್‌ಟಿ4 ಡೇಟಾ ಕೆಡಿಸುವ ಬಗ್ ಕಾಣಿಸಿಕೊಂಡು ಡೆಬಿಯನ್ ಅನ್ನುವ ಡಿಸ್ಟ್ರೋದ 12.3ರ ಬಿಡುಗಡೆಯನ್ನೇ ತಡೆಹಿಡಿದರು. ಅದೂ ಸ್ಟೇಬಲ್ಲೇ. ಅವನು ‘ಹೂಂ’ ಅಂದ. ಒಪ್ಪಿದ ಹಾಗೆ ಕೇಳಿಸಲಿಲ್ಲ.

ಹಾಗಂತ ಆರ್‌ಸಿ ಹಾಕಿ ಅಂತ ನಾನೇನು ಹೇಳುತ್ತಿಲ್ಲ. ಬ್ಯಾಕಪ್ ಇಲ್ಲದವರು ಹತ್ತಿರವೂ ಹೋಗಬೇಡಿ. ಎಫ್‌ಎಸ್‌ಚೆಕ್ ಯಾರಿಗೆ ಅಂತ ಕೇಳಿದರೆ, ಇಎಕ್ಸ್‌ಟಿ4 ಇರುವ ಎಲ್ಲರಿಗೂ, ಬೇರೆ ಆಯ್ಕೆಯೇ ಇಲ್ಲ. ನಿಧಾನವಾಗಿ ಓದಿಕೊಂಡು ಉತ್ತರ ಕೊಡುವವರಿಗೆ ಚೆನ್ನಾಗಿ ದುಡಿಯುತ್ತದೆ. ಕಣ್ಣು ಮುಚ್ಚಿ ವೈ ಒತ್ತುವವರಿಗೂ ಅಷ್ಟೇ ನಿಷ್ಠೆಯಿಂದ ದುಡಿಯುತ್ತದೆ, ತೊಂದರೆ ಇರುವುದು ಅಲ್ಲೇ.

‘ಜಿ’ಯನ್ನು ಎಂವಿ ಕಮಾಂಡ್‌ನಿಂದ ನಾನೇ ‘ಇ’ ಮಾಡಿದೆ. ಎಫ್‌ಎಸ್‌ಟ್ಯಾಬ್‌ನ 0 ಈಗ 2 ಆಗಿದೆ. ಬ್ಯಾಕಪ್ ಸ್ಕ್ರಿಪ್ಟ್ ಈಗ ಎರರ್ ಬಂದರೆ ನನಗೆ ಮೇಲ್ ಕಳಿಸುತ್ತದೆ. ಅರ್ಧ ರ್‍ಯಾಮ್‌ನಲ್ಲಿ ಮೂರು ವಾರ ಓಡಿಸಿ, ಆಮೇಲೆ ಹೊಸ ಕಡ್ಡಿ ಹಾಕಿದೆ. ಹಾಕಿದ ರಾತ್ರಿಯೇ ಮೆಮ್‌ಟೆಸ್ಟ್‌ಗೆ ಬಿಟ್ಟೆ, ಬೆಳಿಗ್ಗೆವರೆಗೂ ಹಸಿರು. ಈಗ ಓಡುತ್ತಿರುವುದು ಆರ್‌ಸಿ6. ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಟಚ್‌ಪ್ಯಾಡ್ ಇನ್ನೂ ಏಳುತ್ತಿಲ್ಲ.